ತುಳುವ ಹಲಸಿನ ಕಡುಬು



ಮುಂಗಾರು ಹಿಡಿದು ನಾಲ್ಕು ದಿನವಾಯಿತು ಅನ್ನಿ. ನಡುರಾತ್ರಿ ಮಳೆಯ ಸದ್ದಿನ ನಡುವೆ ಹಿತ್ತಲಲ್ಲಿ ದೊಪ್ಪೆಂದು ಏನೋ ಬೀಳುತ್ತದೆ. ಮಲಗಿದ್ದವರು "ಹಲಸಿನ ಹಣ್ಣು" ಅಂತ ಹೇಳಿ ಮಗ್ಗುಲು ಬದಲಿಸುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಹಣ್ಣು ಒಡೆದು ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿರುತ್ತದೆ. ದನ ಒಂದಿಷ್ಟು ತಿಂದಿರುತ್ತದೆ, ಉಳಿದದ್ದಕ್ಕೆ ನೊಣ ಮುತ್ತಿರುತ್ತದೆ. ಕರಾವಳಿ, ಮಲೆನಾಡು, ಕೊಡಗಿನ ಕಡೆಯವರಿಗೆ ಇದು ವರ್ಷವರ್ಷವೂ ಕಂಡ ಸಂಗತಿ. ಹೀಗೆ ಬಿದ್ದು ಹಾಳಾಗುವ ಹಣ್ಣಿನಿಂದ ಹಬ್ಬದ ದಿನಕ್ಕೆ ಒಪ್ಪುವ ಕಡುಬು ಮಾಡುವುದು ಹೇಗೆ, ಅದು ಹದವಾಗಿ ಬೇಯುವಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇವತ್ತು ನಿಮ್ಮೊಡನೆ ಮಾತಾಡೋಣ ಅಂತ ಬಂದಿದ್ದೇನೆ.

ಹಲಸಿನಲ್ಲಿ ಎರಡು ಬಗೆ ಉಂಟು. ತೊಳೆ ಗಟ್ಟಿಯಾಗಿದ್ದು, ಕಚ್ಚಿದರೆ ಕರುಕುರು ಅನ್ನುವುದು ಬಕ್ಕೆ. ತೊಳೆ ಮೆತ್ತಗಾಗಿ, ಬಾಯಿಗಿಟ್ಟರೆ ಜಾರಿ ಗಂಟಲಿಗಿಳಿಯುವುದು ತುಳುವ. ಇದನ್ನೇ ಕೆಲವು ಕಡೆ ಬಿಳುವ ಅಂತಲೂ ಅಂಬಲಿ ಹಲಸು ಅಂತಲೂ ಕರೆಯುತ್ತಾರೆ. ಪೇಟೆಯವರು ಕೇಳುವುದು ಬಕ್ಕೆಯನ್ನು. ಅದು ಲಾರಿಯಲ್ಲಿ ಹೋದರೂ ಕೆಡುವುದಿಲ್ಲ, ತೊಳೆ ಬಿಡಿಸಿ ತೂಕಕ್ಕೆ ಮಾರಬಹುದು. ತುಳುವವನ್ನು ಕೇಳುವವರಿಲ್ಲ. ಆದ್ದರಿಂದ ಮರದ ತುಂಬ ಹಣ್ಣು ಬಿಟ್ಟರೂ ಮನೆಯವರಿಗೆ ಅದು ಒಂದು ಕಿರಿಕಿರಿ ಅನ್ನಿಸುತ್ತದೆ.

ಈ ಕಿರಿಕಿರಿ ಸಣ್ಣದೇನಲ್ಲ. ಬಿದ್ದ ಹಣ್ಣನ್ನು ಬೇಳೆಸಮೇತ ಒಮ್ಮೆಗೇ ಹೆಚ್ಚಾಗಿ ತಿಂದ ದನಕ್ಕೆ ಹೊಟ್ಟೆಯಲ್ಲಿ ಹುಳಿಯೇರಿ ಉಬ್ಬರ ಬರುತ್ತದೆ. ಕೂಡಲೇ ಪಶುವೈದ್ಯರಿಗೆ ತೋರಿಸದಿದ್ದರೆ ಪ್ರಾಣಕ್ಕೂ ಅಪಾಯ. ಕಾಡಿನ ಅಂಚಿನ ಊರುಗಳಲ್ಲಿ, ಕೊಡಗಿನ ಕಾಫಿ ತೋಟಗಳಲ್ಲಿ, ಹಣ್ಣಿನ ವಾಸನೆ ಹಿಡಿದು ಆನೆ ಬರುತ್ತದೆ. ಹೀಗಿರುವಾಗ ಮರದ ವ್ಯಾಪಾರಿ ಬಂದು, "ತುಳುವ ಅಲ್ಲವಾ ಸ್ವಾಮೀ, ಇಟ್ಟುಕೊಂಡು ಏನು ಮಾಡ್ತೀರಿ? ಒಳ್ಳೇ ಬೆಲೆ ಕೊಡ್ತೇನೆ" ಅಂದರೆ ಯಜಮಾನರು ಹೂಂ ಅನ್ನುತ್ತಾರೆ. ಹಲಸಿನ ಮರಕ್ಕೆ ಬೆಲೆ ಇದ್ದೇ ಇದೆ. ಬಾಗಿಲು, ತೊಲೆ, ಪೆಟ್ಟಿಗೆಯಿಂದ ಹಿಡಿದು ವೀಣೆ, ಮೃದಂಗದವರೆಗೆ ಅದು ಬೇಕು. ಆದರೆ ಒಮ್ಮೆ ಕಡಿದರೆ ಆ ಹಣ ಒಂದೇ ಸಲದ್ದು. ಹಣ್ಣು ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.

ನಾನು ಕಂಡ ಒಂದು ಮನೆಯಲ್ಲಿ ಹೀಗೆಯೇ ಮಾತು ನಡೆದಿತ್ತು. ಮುಂಗಡ ತೆಗೆದುಕೊಳ್ಳುವುದೊಂದು ಬಾಕಿ. ಆ ಮನೆಯ ಅಜ್ಜಿ ಮಗನಿಗೆ, "ಅಪ್ಪಾ, ಮರ ನಿಂದು, ಕಡಿ. ಆದರೆ ಈ ನಾಗರಪಂಚಮಿಗೆ ಕಡುಬು ಮಾಡೋದಕ್ಕೆ ಹಣ್ಣು ಎಲ್ಲಿಂದ ತರ್ತೀಯ ಅಂತ ಮೊದಲು ಹೇಳು" ಅಂದರಂತೆ. ಬಕ್ಕೆಯ ಹಣ್ಣು ತರ್ತೇನೆ ಅಂದ ಮಗ. "ಬಕ್ಕೆಯಲ್ಲಿ ರಸ ಎಲ್ಲಿದೆ? ರಸ ಇಲ್ಲದೆ ಅಕ್ಕಿ ಬೇಯುತ್ತದಾ?" ಅಂದರು ಅಜ್ಜಿ. ಆ ಮರ ಇಂದಿಗೂ ನಿಂತಿದೆ.

ಅಜ್ಜಿಯ ಮಾತಿನಲ್ಲಿ ಹುರುಳಿದೆ. ಬಕ್ಕೆಯಲ್ಲಿ ಕಡುಬು ಆಗುವುದೇ ಇಲ್ಲ ಅಂತಲ್ಲ. ಅದನ್ನು ಅರೆಯಬೇಕು, ಮೇಲೆ ನೀರು ಸೇರಿಸಬೇಕು. ತುಳುವಕ್ಕೆ ಅದೇನೂ ಬೇಡ. ಕೈಯಲ್ಲಿ ಹಿಸುಕಿದರೆ ಸಾಕು, ರಸ ತಾನಾಗಿ ಬಿಡುತ್ತದೆ. ಮಾಗಿದ ತೊಳೆಯ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುವುದು. ಉಳಿದದ್ದರಲ್ಲಿ ಹೆಚ್ಚಿನದು ಸಕ್ಕರೆ. ಅಂದರೆ ಅಕ್ಕಿ ಬೇಯಲು ಬೇಕಾದ ನೀರು, ನಾಲಿಗೆಗೆ ಬೇಕಾದ ಸಿಹಿ ಎರಡೂ ಒಂದೇ ಹಣ್ಣಿನಲ್ಲಿ ಕೂಡಿ ಬಂದಿವೆ. ಪೇಟೆಗೆ ಬೇಡವಾದ ಮೆತ್ತಗಿನ ಗುಣವೇ ಕಡುಬಿಗೆ ಬೇಕಾದ ಗುಣ.

ಈ ತಿಂಡಿಗೆ ಊರಿಗೊಂದು ಹೆಸರು. ಮಲೆನಾಡಿನಲ್ಲಿ ಹಲಸಿನ ಹಣ್ಣಿನ ಕಡುಬು. ಹವ್ಯಕರ ಮನೆಗಳಲ್ಲಿ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ್ದು ಕೊಟ್ಟಿಗೆ. ತುಳುನಾಡಿನವರು ಗಟ್ಟಿ ಅನ್ನುತ್ತಾರೆ. ಕೊಡಗಿನಲ್ಲಿ ಕೂವಲೆ ಎಲೆಯಲ್ಲಿ ಮಡಿಚಿ ಬೇಯಿಸುವ ಪುಟ್ಟು ಉಂಟು. ಎಲೆ ಬೇರೆ, ಹೆಸರು ಬೇರೆ. ಹಣ್ಣು, ಅಕ್ಕಿ, ಹಬೆ ಮಾತ್ರ ಎಲ್ಲ ಕಡೆಯೂ ಒಂದೇ.

ಇನ್ನು ಮಾಡುವ ಕ್ರಮಕ್ಕೆ ಬರೋಣ. ಆರು ಮಂದಿಯ ಮನೆಗೆ ಒಂದು ಹೊತ್ತಿಗೆ ಆಗುವಷ್ಟು ಅಳತೆ ಹೇಳುತ್ತೇನೆ. ಎಲ್ಲವನ್ನೂ ಒಂದೇ ಲೋಟದಲ್ಲಿ ಅಳೆಯಿರಿ. ಲೋಟ ದೊಡ್ಡದೋ ಸಣ್ಣದೋ, ಪ್ರಮಾಣ ಕೆಡುವುದಿಲ್ಲ.

ಬೇಕಾಗುವ ಸಾಮಾನು:
ಹಿಸುಕಿ ಸೋಸಿದ ಹಣ್ಣಿನ ರಸ – 4 ಲೋಟ
ಅಕ್ಕಿ ತರಿ – 2 ಲೋಟ
ತುರಿದ ಹಸಿ ತೆಂಗಿನಕಾಯಿ – 1 ಲೋಟ
ಪುಡಿ ಮಾಡಿದ ಬೆಲ್ಲ – ಅರ್ಧ ಲೋಟ. ಹಣ್ಣು ಬಹಳ ಸಿಹಿಯಾಗಿದ್ದರೆ ಕಾಲು ಲೋಟ
ಏಲಕ್ಕಿ – 4
ಉಪ್ಪು – ಅರ್ಧ ಚಮಚ
ಬಾಡಿಸಿದ ಬಾಳೆಲೆ – 14 ತುಂಡು

ಮೊದಲು ಹಣ್ಣನ್ನು ಆರಿಸುವುದು. ಮರದಲ್ಲೇ ಮಾಗಿ, ಬೆರಳಿನಿಂದ ಒತ್ತಿದರೆ ಒಳಗೆ ಹೋಗುವ, ಘಮ್ಮೆನ್ನುವ ಹಣ್ಣು ಒಳ್ಳೆಯದು. ರಾತ್ರಿ ಬಿದ್ದದ್ದಾದರೂ ಸಿಪ್ಪೆ ಒಡೆಯದೆ ಇದ್ದರೆ ಬಳಸಬಹುದು. ಆದರೆ ಒಡೆದು ಮಣ್ಣು ಸೇರಿದ್ದು, ನೊಣ ಮುತ್ತಿದ್ದು, ಹೆಂಡದ ವಾಸನೆ ಬರುವುದು ಬೇಡವೇ ಬೇಡ. ಅಂಥದ್ದನ್ನು ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ. ಬೇಯಿಸಿದರೆ ಹುಳಿ ಹೋಗುತ್ತದೆ ಅನ್ನುವ ಮಾತು ಸರಿಯಲ್ಲ.

ಹೆಚ್ಚುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳಿ. ಹಲಸಿನ ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಕೆಲಸವಾದ ಮೇಲೂ ಮೊದಲು ಎಣ್ಣೆಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ತೊಳೆ ಬಿಡಿಸಿ ಬೇಳೆ ತೆಗೆದು, ತೊಳೆಯನ್ನು ಕೈಯಿಂದ ಚೆನ್ನಾಗಿ ಹಿಸುಕಿ. ತುಳುವದಲ್ಲಿ ನಾರು ಜಾಸ್ತಿ. ಆದ್ದರಿಂದ ಸಣ್ಣ ತೂತಿನ ಬುಟ್ಟಿಯಲ್ಲೋ ಜರಡಿಯಲ್ಲೋ ಹಾಕಿ ಉಜ್ಜಿದರೆ ರಸ ಕೆಳಗಿಳಿದು ನಾರು ಮೇಲೆ ನಿಲ್ಲುತ್ತದೆ. ಈ ಕೆಲಸಕ್ಕೆ ಮಿಕ್ಸಿ ಬೇಡ. ಮಿಕ್ಸಿ ನಾರನ್ನೂ ತುಂಡು ಮಾಡಿ ರಸದಲ್ಲಿ ಸೇರಿಸಿಬಿಡುತ್ತದೆ. ತಿನ್ನುವಾಗ ಅದು ಹಲ್ಲಿಗೆ ಸಿಕ್ಕುತ್ತದೆ.

ಅಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ಹರವಿ ಆರಿಸಿ, ಇಡ್ಲಿ ರವೆಯ ಹಾಗೆ ತರಿ ಒಡೆದುಕೊಳ್ಳಿ. ಹಿಟ್ಟು ಮಾಡಬೇಡಿ. ಹಿಟ್ಟಾದರೆ ಕಡುಬು ಅಂಟಂಟಾಗಿ ಕೈಗೆ ಮೆತ್ತಿಕೊಳ್ಳುತ್ತದೆ. ತರಿಯಾದರೆ ಒಂದೊಂದು ಕಾಳೂ ಬೇರೆಬೇರೆಯಾಗಿ ಅರಳುತ್ತದೆ. ತರಿಯನ್ನು ಬಾಣಲೆಯಲ್ಲಿ ಬಣ್ಣ ತಿರುಗದ ಹಾಗೆ ಬೆಚ್ಚಗೆ ಹುರಿದರೆ ಇನ್ನೂ ಒಳ್ಳೆಯದು.

ಬೆಲ್ಲವನ್ನು ಸ್ವಲ್ಪ ರಸದಲ್ಲಿ ಬಿಸಿ ಮಾಡಿ ಕರಗಿಸಿ ಸೋಸಿ. ಬೆಲ್ಲದಲ್ಲಿ ಮರಳು ಇದ್ದರೆ ಇಷ್ಟೆಲ್ಲ ದುಡಿದದ್ದು ದಂಡ. ಆಮೇಲೆ ರಸ, ಬೆಲ್ಲ, ತರಿ, ಕಾಯಿತುರಿ, ಉಪ್ಪು, ಏಲಕ್ಕಿ ಪುಡಿ ಎಲ್ಲ ಕಲಸಿ ಮುಚ್ಚಿ ಅರ್ಧ ಗಂಟೆ ಇಡಿ. ಈ ಅರ್ಧ ಗಂಟೆ ಬಿಡಬೇಡಿ. ತರಿ ರಸ ಕುಡಿದು ಉಬ್ಬುವುದು ಈಗಲೇ. ಒಲೆಗೆ ಇಡುವ ಮುಂಚೆ ಒಂದು ಸೌಟು ಎತ್ತಿ ಬಿಟ್ಟು ನೋಡಿ. ಮುದ್ದೆಯಾಗಿ ಬಿದ್ದರೆ ಹದ ಸರಿ. ಹರಿದುಹೋದರೆ ಒಂದು ಹಿಡಿ ತರಿ ಸೇರಿಸಿ ಇನ್ನಷ್ಟು ಹೊತ್ತು ಬಿಡಿ. ಬಿರುಕು ಬಿಟ್ಟರೆ ಎರಡು ಚಮಚ ರಸವನ್ನೋ ನೀರನ್ನೋ ಸೇರಿಸಿ.

ಬಾಳೆಲೆಯನ್ನು ಕೆಂಡದ ಮೇಲೆ ಆಡಿಸಿ ಬಾಡಿಸಿದರೆ ಮಡಿಚುವಾಗ ಸೀಳುವುದಿಲ್ಲ. ಎಲೆಯ ನಡುವೆ ಅಂಗೈಯಗಲ, ಒಂದು ಅಂಗುಲಕ್ಕಿಂತ ದಪ್ಪವಾಗದ ಹಾಗೆ ಹಿಟ್ಟು ಇಟ್ಟು ನಾಲ್ಕೂ ಕಡೆ ಮಡಿಚಿ. ಮಡಿಕೆ ಕೆಳಕ್ಕೆ ಬರುವಂತೆ ಇಡಿ. ತೇಗದ ಎಳೆಯ ಎಲೆಯಲ್ಲಿ ಬೇಯಿಸುವ ರೂಢಿಯೂ ಉಂಟು. ಆ ಎಲೆ ಬಣ್ಣ ಬಿಟ್ಟು ಕಡುಬು ಕೆಂಪಗಾಗುತ್ತದೆ; ಮಕ್ಕಳಿಗೆ ಅದೇ ಒಂದು ಸಂಭ್ರಮ. ಶ್ರಾವಣದ ಹೊತ್ತಿಗಾದರೆ ಅರಿಸಿನದ ಎಲೆ ಸಿಗುತ್ತದೆ. ಅದರ ಪರಿಮಳ ಹಲಸಿನ ಪರಿಮಳದೊಡನೆ ಚೆನ್ನಾಗಿ ಹೊಂದುತ್ತದೆ.

ಈಗ ಮುಖ್ಯವಾದ ಸಂಗತಿ, ಹಬೆ. ಹಬ್ಬದ ದಿನ ಎಲೆ ಬಿಚ್ಚಿದಾಗ ಮೇಲೆಲ್ಲ ಬೆಂದು ನಡುವೆ ಹಸಿ ಹಿಟ್ಟು ಉಳಿದಿದ್ದರೆ ಆಗುವ ಬೇಸರ ಅಷ್ಟಿಷ್ಟಲ್ಲ. ನನ್ನ ಮನೆಯಲ್ಲೇ ಒಂದು ವರ್ಷ ಹಾಗಾಯಿತು. ನೆಂಟರು ಬಂದಿದ್ದಾರೆ, ಬೇಗ ಆಗಲಿ ಅಂತ ಎರಡೆರಡು ಕಡುಬಿನ ಹಿಟ್ಟನ್ನು ಒಂದೇ ಎಲೆಗೆ ಹಾಕಿ, ನೀರು ಕುದಿಯುವ ಮೊದಲೇ ಪಾತ್ರೆಯಲ್ಲಿ ಒತ್ತೊತ್ತಾಗಿ ಪೇರಿಸಿದ್ದೆ. ಮುಕ್ಕಾಲು ಗಂಟೆಯ ಮೇಲೆ ತೆಗೆದರೆ ನಡುವೆಲ್ಲ ಹಸಿ. ಬೆಲ್ಲವನ್ನೂ ಕೈ ಬಿಚ್ಚಿ ಹಾಕಿದ್ದೆ. ಅಂದು ನಾನು ಮಾಡಿದ್ದ ತಪ್ಪುಗಳ ಕಾರಣ ಒಂದೊಂದಾಗಿ ಹೇಳುತ್ತೇನೆ.

ಹಬೆ ತಣ್ಣಗಿನ ಎಲೆಗೆ ತಾಗಿದ ಕೂಡಲೇ ನೀರಾಗುತ್ತದೆ. ನೀರಾಗುವಾಗ ತನ್ನಲ್ಲಿದ್ದ ಕಾವನ್ನು ಎಲೆಗೆ ಬಿಟ್ಟುಕೊಡುತ್ತದೆ. ಹೀಗೆ ಪ್ರತಿಯೊಂದು ಎಲೆಗೂ ಹಬೆ ತಾಗಬೇಕು. ಒತ್ತೊತ್ತಾಗಿ ಪೇರಿಸಿದರೆ ನಡುವಿನ ಎಲೆಗಳಿಗೆ ಹಬೆಯೇ ಹೋಗುವುದಿಲ್ಲ. ಎಲೆಗೆ ಸಿಕ್ಕ ಕಾವು ಹೊರಗಿನಿಂದ ಒಳಕ್ಕೆ ಮೆಲ್ಲಗೆ ಇಳಿಯಬೇಕು. ಕಡುಬಿನ ದಪ್ಪ ಎರಡರಷ್ಟಾದರೆ ಬೇಯುವ ಹೊತ್ತು ಎರಡರಷ್ಟಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಬೇಕಾಗುತ್ತದೆ. ಇನ್ನು ಬೆಲ್ಲ. ಅದು ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಅಕ್ಕಿಗೆ ಸಿಗಬೇಕಾದ ನೀರು ಕಡಿಮೆಯಾಗಿ ಅದು ಬೇಯಲು ತಡಮಾಡುತ್ತದೆ, ಬೆಂದರೂ ಗಟ್ಟಿ ನಿಲ್ಲುವುದಿಲ್ಲ. ಸಿಹಿ ಇನ್ನೂ ಬೇಕು ಅನ್ನುವವರು ತಿನ್ನುವಾಗ ಮೇಲಿನಿಂದ ಜೇನುತುಪ್ಪವನ್ನೋ ಜೋನಿಬೆಲ್ಲವನ್ನೋ ಹಾಕಿಕೊಳ್ಳಲಿ.

ಆದ್ದರಿಂದ ಹೀಗೆ ಮಾಡಿ. ಇಡ್ಲಿ ಪಾತ್ರೆಯಲ್ಲೋ ಅಟ್ಟಿನಳಗೆಯಲ್ಲೋ ನೀರು ಚೆನ್ನಾಗಿ ಕುದಿದು ಹಬೆ ಮೇಲೇಳುವವರೆಗೆ ಕಾಯಿರಿ. ಆಮೇಲೆ ಎಲೆಗಳನ್ನು ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟು ಜೋಡಿಸಿ. ಎಲ್ಲವೂ ಒಮ್ಮೆಗೆ ಹಿಡಿಸದಿದ್ದರೆ ಎರಡು ಸಲ ಬೇಯಿಸಿ. ಮುಚ್ಚಳದ ಕೆಳಗೆ ಒಂದು ತೆಳು ಬಟ್ಟೆ ಕಟ್ಟಿದರೆ ಹನಿ ನೀರು ಕಡುಬಿನ ಮೇಲೆ ಬೀಳುವುದಿಲ್ಲ. ನೀರಿಗೆ ತೊಳೆದ ಒಂದು ಸಣ್ಣ ಕಲ್ಲು ಹಾಕಿಡಿ. ನೀರು ಕುದಿಯುವಷ್ಟು ಹೊತ್ತು ಅದು ಟಕಟಕ ಅನ್ನುತ್ತಿರುತ್ತದೆ. ಸದ್ದು ನಿಂತರೆ ನೀರು ಆರಿತು ಅಂತ ಅರ್ಥ. ಆಗ ಕುದಿಯುವ ನೀರನ್ನೇ ಹೊಯ್ಯಿರಿ, ತಣ್ಣೀರು ಬೇಡ. ಸೌದೆ ಒಲೆಯಾಗಲಿ ಗ್ಯಾಸಾಗಲಿ, ಹಬೆ ಬಿಡದೆ ಬರುವಷ್ಟು ಉರಿ ಇದ್ದರೆ ಸಾಕು. ಅದಕ್ಕಿಂತ ಉರಿ ಹೆಚ್ಚಿಸಿದರೆ ಸೌದೆ ಖರ್ಚಾಗುತ್ತದೆಯೇ ಹೊರತು ಕಡುಬು ಬೇಗ ಬೇಯುವುದಿಲ್ಲ.

ಒಂದು ಅಂಗುಲದ ಕಡುಬಿಗೆ 40 ರಿಂದ 45 ನಿಮಿಷ ಹಿಡಿಯುತ್ತದೆ. ಒಂದು ಎಲೆ ಬಿಚ್ಚಿ ನಡುವೆ ಶುಚಿಯಾದ ಕಡ್ಡಿ ಚುಚ್ಚಿ ನೋಡಿ. ಕಡ್ಡಿಗೆ ಹಸಿ ಹಿಟ್ಟು ಹತ್ತದಿದ್ದರೆ ಬೆಂದಿದೆ. ಕೂಡಲೇ ಬಿಚ್ಚಿದರೆ ಎಲೆಗೆ ಅಂಟುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಬಿಚ್ಚಿ, ತುಪ್ಪ ಹಾಕಿಕೊಂಡು ತಿನ್ನಿ. ಮರುದಿನಕ್ಕೆ ಉಳಿದರೆ ಗಟ್ಟಿಯಾಗುತ್ತದೆ. ಕೆಟ್ಟಿದೆ ಅಂತ ತಿಳಿಯಬೇಡಿ. ಬೆಂದ ಅಕ್ಕಿ ತಣಿದಾಗ ಬಿಗಿಯುವುದು ಅದರ ಗುಣ. ಇನ್ನೊಮ್ಮೆ ಹತ್ತು ನಿಮಿಷ ಹಬೆಯಲ್ಲಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಆದರೆ ಕಾಯಿತುರಿ ಹಾಕಿದ ತಿಂಡಿ ಮಳೆಗಾಲದ ತೇವಕ್ಕೆ ಬೇಗ ಹಳಸುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಅಂದು ಮಾಡಿದ್ದನ್ನು ಅಂದೇ ಮುಗಿಸುವುದು ಲೇಸು.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. "ಹಣ್ಣು ಬರೋದು ಜ್ಯೇಷ್ಠ ಆಷಾಢದಲ್ಲಿ. ಹಬ್ಬಗಳೆಲ್ಲ ಶುರುವಾಗೋದು ಶ್ರಾವಣಕ್ಕೆ. ನಾಗರಪಂಚಮಿಗೆ ಎಲ್ಲೋ ತಡವಾಗಿ ಮಾಗಿದ ಹಣ್ಣು ಸಿಕ್ಕೀತು. ಚೌತಿಗೆ, ದೀಪಾವಳಿಗೆ ಏನು ಮಾಡೋಣ?" ಇದಕ್ಕೆ ಹಿರಿಯರು ಕಂಡುಕೊಂಡ ದಾರಿ ಬೆರಟಿ. ಸೋಸಿದ ರಸ 4 ಲೋಟಕ್ಕೆ ಬೆಲ್ಲ 2 ಲೋಟದ ಲೆಕ್ಕದಲ್ಲಿ ದಪ್ಪ ತಳದ ಉರುಳಿಗೆ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚುತ್ತಾ ಕಾಯಿಸಬೇಕು. ನೀರೆಲ್ಲ ಆರಿ, ಪಾಕ ತಳ ಬಿಟ್ಟು ಮುದ್ದೆಯಾಗಿ ಸೌಟಿನೊಡನೆ ಏಳುವವರೆಗೆ ಬಿಡಬಾರದು. ಗಟ್ಟಿಯಾಗುತ್ತಾ ಬಂದಂತೆ ಅದು ಸಿಡಿಯುತ್ತದೆ. ಉದ್ದ ಹಿಡಿಯ ಸೌಟು ಇರಲಿ, ಮಕ್ಕಳು ದೂರ ಇರಲಿ. ಪೂರ್ತಿ ತಣಿದ ಮೇಲೆ ತೇವವಿಲ್ಲದ ಭರಣಿಗೆ ತುಂಬಿ ಬಾಯಿ ಕಟ್ಟಿಡಿ. ತೆಗೆಯುವಾಗ ಒಣ ಚಮಚವನ್ನೇ ಹಾಕಬೇಕು. ನೀರಿಲ್ಲದ, ಸಿಹಿ ತುಂಬಿದ ಪಾಕದಲ್ಲಿ ಬೂಷ್ಟು ಬೆಳೆಯಲಾರದು. ಒಂದು ಹನಿ ನೀರು ಸೇರಿದರೆ ಅಲ್ಲಿಂದಲೇ ಕೆಡಲು ಶುರು.

ಹಬ್ಬ ಬಂದಾಗ ಒಂದು ಲೋಟ ಬೆರಟಿಯನ್ನು ಒಂದೂವರೆ ಲೋಟ ಬಿಸಿನೀರಿನಲ್ಲಿ ಕದಡಿ, ಒಂದೂಕಾಲು ಲೋಟ ಅಕ್ಕಿ ತರಿ, ಅರ್ಧ ಲೋಟ ಕಾಯಿತುರಿ, ಚಿಟಿಕೆ ಉಪ್ಪು ಸೇರಿಸಿ. ಬೆಲ್ಲ ಮತ್ತೆ ಬೇಡ. ಅರ್ಧ ಗಂಟೆ ನೆನೆಯಲು ಬಿಟ್ಟು ಮೊದಲಿನ ಹಾಗೆಯೇ ಎಲೆಯಲ್ಲಿಟ್ಟು ಬೇಯಿಸಿ. ದೀಪಾವಳಿಗೆ ಊರಿಗೆ ಬಂದ ಮಗನಿಗೆ ಆಷಾಢದ ಹಲಸು ಬಡಿಸಿದ ಹಾಗಾಗುತ್ತದೆ.

ಬೇಳೆಯನ್ನು ಮರೆಯಬೇಡಿ. ಅದನ್ನು ಬೇಯಿಸಿಯೋ ಸುಟ್ಟೋ ತಿನ್ನಬೇಕು, ಹಸಿಯಾಗಿ ತಿಂದರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಕೆಮ್ಮಣ್ಣಿನಲ್ಲಿ ಹೊರಳಿಸಿ ನೆರಳಿನಲ್ಲಿಟ್ಟರೆ ಮಳೆಗಾಲದ ಹುಳಿಗೆ, ಪಲ್ಯಕ್ಕೆ ಒದಗುತ್ತದೆ. ಬಿತ್ತುವುದಾದರೆ ಒಣಗಿಸದೆ, ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಬಿತ್ತಿ. ಹಲಸಿನ ಬೀಜ ಒಣಗಿದರೆ ಹುಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಬೀಜದ ಗಿಡ ತಾಯಿಮರದ ಹಾಗೆಯೇ ಹಣ್ಣು ಕೊಡುತ್ತದೆ ಅನ್ನುವ ಭರವಸೆ ಇಲ್ಲ. ಒಳ್ಳೆಯ ಮರವನ್ನು ಉಳಿಸಿಕೊಳ್ಳಬೇಕಾದರೆ ಅದರ ಕುಡಿಯಿಂದ ಕಸಿ ಕಟ್ಟಬೇಕು.

ಬಯಲುಸೀಮೆಯ ಬಾಂಧವರೂ ಈ ಮಾತು ಗಮನಿಸಬೇಕು. ತುಮಕೂರು ಜಿಲ್ಲೆಯ ಚೇಳೂರಿನ ಒಂದು ಮನೆಯ ಹಲಸಿನ ಮರದಲ್ಲಿ ಸುಮಾರು ಎರಡೂವರೆ ಕಿಲೋ ತೂಗುವ ಸಣ್ಣ ಹಣ್ಣು, ತಾಮ್ರದ ಬಣ್ಣದ ತೊಳೆ. ಹಿರೇಹಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದವರು ಅದನ್ನು ಪರೀಕ್ಷಿಸಿ 'ಸಿದ್ದು' ಎಂಬ ತಳಿಯಾಗಿ ಗುರುತಿಸಿದರು. ಕಸಿ ಗಿಡ ಬೆಳೆಸಿ ಮಾರಲು 2017 ರಲ್ಲಿ ಆ ಮನೆಯವರೊಡನೆ ಒಪ್ಪಂದವಾಯಿತು. ಮರುವರ್ಷ, 2018 ರಲ್ಲಿ, ಪಕ್ಕದ ಕೇರಳ ಹಲಸನ್ನು ತನ್ನ ರಾಜ್ಯದ ಹಣ್ಣೆಂದು ಸಾರಿತು. ನಮ್ಮ ಹಿತ್ತಲಿನ ಮರದಲ್ಲಿ ಏನು ಗುಣವಿದೆ ಎಂಬುದನ್ನು ನಾವೇ ರುಚಿ ನೋಡಿ ತಿಳಿದುಕೊಳ್ಳಬೇಕು. ಕಡಿದ ಮೇಲೆ ತಿಳಿಯುವ ದಾರಿಯಿಲ್ಲ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ಹಲಸಿನಲ್ಲಿ ಸಕ್ಕರೆ ಹೆಚ್ಚು, ಮೇಲೆ ಅಕ್ಕಿ ಬೆಲ್ಲ ಬೇರೆ. ಸಿಹಿಮೂತ್ರ ಇರುವ ಹಿರಿಯರಿಗೆ ಹಬ್ಬ ಅಂತ ಒತ್ತಾಯ ಮಾಡಿ ಬಡಿಸಬೇಡಿ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಹಲಸು ತಿನ್ನಬಾರದು. ಅದರಲ್ಲಿರುವ ಪೊಟ್ಯಾಸಿಯಂ ಅವರಿಗೆ ಆಗದು. ಉಳಿದವರು ಎರಡು ಕಡುಬು ತಿಂದು ಮೂರನೆಯದಕ್ಕೆ ಕೈ ಚಾಚಿದರೆ ತಪ್ಪೇನಿಲ್ಲ.

ಹಾಗಾದರೆ ತಾಯಂದಿರೆ, ಈ ಸಲ ಮಳೆ ಹಿಡಿಯುವ ಮೊದಲೇ ಹಿತ್ತಲ ಮರದತ್ತ ಒಮ್ಮೆ ನೋಡಿ. ಹಣ್ಣು ಬೀಳಲಿ ಅಂತ ಕಾಯದೆ, ಮಾಗಿದ್ದನ್ನು ಹಗ್ಗ ಕಟ್ಟಿ ಇಳಿಸಲು ಮನೆಯ ಗಂಡಸರಿಗೆ ಹೇಳಿ. ಒಂದು ಹಣ್ಣು ಕಡುಬಿಗೆ, ಎರಡು ಹಣ್ಣು ಬೆರಟಿಗೆ, ಒಂದು ನೆರೆಮನೆಗೆ. ಯಜಮಾನರೆ, ಮರದ ವ್ಯಾಪಾರಿ ಬಂದು ಬೆಲೆ ಕೇಳಿದರೆ ಅವನಿಗೂ ಒಂದು ಬಿಸಿ ಕಡುಬು ಕೊಟ್ಟು, ತುಪ್ಪ ಹಾಕಿ, ತಿಂದು ಹೋಗಲು ಹೇಳಿ. ಮರದ ಮಾತು ಆಮೇಲೆ ಆಡಿದರಾಯಿತು.